ಮೂರು ತಾರೀಕಿನ ಕೃಷ್ಣಾಷ್ಟಮಿ
(ನಮ್ಮ ಮನೆಯವರ ವಾಟ್ಸಾಪ್ ಗುಂಪು, ಆಗಸ್ಟ್ 2025)

ದೊಡ್ಡಪ್ಪ: [ಫಾರ್ವರ್ಡ್ ಚಿತ್ರ: "ಕೃಷ್ಣ ಜನ್ಮಾಷ್ಟಮಿ ಆಗಸ್ಟ್ 16. ಬೇರೆ ದಿನ ಮಾಡಿದರೆ ಫಲವಿಲ್ಲ. ಎಲ್ಲ ಹಿಂದೂಗಳಿಗೂ ಕಳಿಸಿ."]

ದೊಡ್ಡಪ್ಪ: ಎಲ್ಲರೂ ಗಮನಿಸಿ.

ಚಿಕ್ಕಮ್ಮ: 15 ಅಲ್ವಾ ಭಾವ? ಅವತ್ತು ರಾತ್ರಿ ಹನ್ನೆರಡಕ್ಕೆ ಸ್ವಲ್ಪ ಮುಂಚೆ ಅಷ್ಟಮಿ ಶುರು. ಕೃಷ್ಣ ಹುಟ್ಟಿದ್ದು ನಡುರಾತ್ರಿ.

ದೊಡ್ಡಪ್ಪ: ಸೂರ್ಯ ಹುಟ್ಟುವಾಗ ಅಷ್ಟಮಿ ಇರುವುದು 16ಕ್ಕೆ. ಅದೇ ಲೆಕ್ಕ.

ಉಡುಪಿ ಅಕ್ಕ: ನಮ್ಮಲ್ಲಿ ಸೆಪ್ಟೆಂಬರ್ 14.

ದೊಡ್ಡಪ್ಪ: ಕೃಷ್ಣ ಏನು, ಉಡುಪಿಯಲ್ಲಿ ತಿಂಗಳು ತಡವಾಗಿ ಹುಟ್ಟಿದನಾ?

ಉಡುಪಿ ಅಕ್ಕ: ಇಲ್ಲಿ ಸೌರಮಾನ ದೊಡ್ಡಪ್ಪ. ಸೂರ್ಯ ಸಿಂಹ ರಾಶಿಗೆ ಬಂದ ಮೇಲಿನ ಬಹುಳ ಅಷ್ಟಮಿಯೇ ನಮಗೆ ಹಬ್ಬ. ಈ ಸಲ ಸಿಂಹ ಸಂಕ್ರಮಣ ಆಗಸ್ಟ್ 17. ನಿಮ್ಮ ಅಷ್ಟಮಿ 16ರ ರಾತ್ರಿಗೇ ಮುಗಿಯುತ್ತದೆ. ಕೂದಲೆಳೆಯಲ್ಲಿ ತಪ್ಪಿತು, ಮುಂದಿನದಕ್ಕೆ ಕಾಯಬೇಕು.

ದೊಡ್ಡಪ್ಪ: ಸುಮ್ನೆ ಗೊಂದಲ. ಇದಕ್ಕೇ ಹೇಳುವುದು, ಇಡೀ ದೇಶಕ್ಕೆ ಒಂದೇ ತಾರೀಕು ಬೇಕು.

ನಾನು: ದೊಡ್ಡಪ್ಪ, ಸಂಕ್ರಾಂತಿ ಪ್ರತಿ ವರ್ಷ ಜನವರಿ 14 ಇಲ್ಲಾ 15ಕ್ಕೇ ಬರುತ್ತದೆ. ಯುಗಾದಿ ಮಾತ್ರ ಹಿಂದೆ ಮುಂದೆ ಆಗುತ್ತದೆ. ಒಂದಕ್ಕೆ ಸೂರ್ಯನ ಲೆಕ್ಕ, ಇನ್ನೊಂದಕ್ಕೆ ಚಂದ್ರನದು. ಎರಡನ್ನೂ ನೀವೇ ಮಾಡುತ್ತೀರಿ. ಅಕ್ಕನ ಮನೆಯವರು ಅಷ್ಟಮಿಗೂ ಸೂರ್ಯನನ್ನು ನೋಡುತ್ತಾರೆ, ಅಷ್ಟೇ.

ದೆಹಲಿ ತಮ್ಮ: ಇಲ್ಲಿ ನಮ್ಮ ಮನೆ ಓನರ್‌ಗೆ ದೀಪಾವಳಿ ಅಂದರೆ ರಾಮ ಅಯೋಧ್ಯೆಗೆ ವಾಪಸ್ ಬಂದದ್ದು. ನರಕಾಸುರ, ಎಣ್ಣೆಸ್ನಾನ ಅಂದರೆ ಮಿಕಿಮಿಕಿ ನೋಡುತ್ತಾರೆ. ಬಲಿ ಚಕ್ರವರ್ತಿಯ ವಿಷಯ ಇನ್ನೂ ಎತ್ತಿಲ್ಲ. ತಾರೀಕು ಒಂದು ಮಾಡಿದ ಮೇಲೆ ಕಥೆಯನ್ನೂ ಒಂದು ಮಾಡಬೇಕಾ?

ದೊಡ್ಡಪ್ಪ: ಕಥೆ ಬೇರೆ, ತಾರೀಕು ಬೇರೆ. ನಾನು ಹೇಳಿದ್ದು ರಜೆಯ ವಿಷಯ.

ಚಿಕ್ಕಮ್ಮ: "ಫಲವಿಲ್ಲ" ಅನ್ನುವುದೂ ರಜೆಯ ವಿಷಯವಾ ಭಾವ?

ದೆಹಲಿ ತಮ್ಮ: ಚಿಕ್ಕಮ್ಮ ಸಿಕ್ಸರ್!

(ಆಮೇಲೆ ದೊಡ್ಡಪ್ಪ ಟೈಪ್ ಮಾಡುವುದು, ನಿಲ್ಲಿಸುವುದು. ತುಂಬಾ ಹೊತ್ತು ಇದೇ ನಡೆಯಿತು.)

ಉಡುಪಿ ಅಕ್ಕ: ಜಗಳ ಬಿಡಿ. 14ರ ನಡುರಾತ್ರಿ ಅರ್ಘ್ಯ, ಮಾರನೇ ದಿನ ವಿಟ್ಲಪಿಂಡಿ. ರಥಬೀದಿಯಲ್ಲಿ ಮಣ್ಣಿನ ಕೃಷ್ಣನ ಮೆರವಣಿಗೆ, ಮೊಸರು ಕುಡಿಕೆ, ಹುಲಿವೇಷ. ಎಲ್ಲರೂ ಬನ್ನಿ.

ದೊಡ್ಡಪ್ಪ: ಬರುತ್ತೇನೆ. ಆದರೆ ನನ್ನ ಉಪವಾಸ ಆಗಸ್ಟ್ 16ಕ್ಕೇ.

ದೊಡ್ಡಮ್ಮ: ಉಪವಾಸ ಒಂದು ಸಲ, ಉಂಡೆ ಎರಡು ಸಲ! ಶುಗರ್ ನೆನಪಿರಲಿ.