ಬೋರ್ ನೀರು ಉಪ್ಪು, ಬೀನ್ಸ್ ಎಲೆ ಸುಡುತ್ತಿದೆ. ಬೂದಿ, ನಾರಿನ ಪುಡಿ ಹಾಕಬಹುದಾ?

ಪ್ರಶ್ನೆ:
ಟೊಮೆಟೊ ಹೇಗೋ ಬರುತ್ತಿದೆ. ಬೀನ್ಸ್ ಮಾತ್ರ ನಾಲ್ಕು ಎಲೆ ಬಿಡುವಷ್ಟರಲ್ಲಿ ಅಂಚು ಕಂದಾಗಿ ಒಣಗುತ್ತದೆ. ಮಡಿ ಒಣಗಿದರೆ ಮೇಲೆ ಬಿಳಿ ಪುಡಿ, ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಬೂದಿ, ಮೊಟ್ಟೆ ಚಿಪ್ಪು, ತೆಂಗಿನ ನಾರಿನ ಪುಡಿ, ಬಾಳೆ ಸಿಪ್ಪೆ, ಒಣ ಹುಲ್ಲು ಇವೆ. ಯಾವುದನ್ನು ಹಾಕಲಿ?

ಉತ್ತರ 1:
ಬೂದಿ ಬೇಡವೇ ಬೇಡ. ಅದರಲ್ಲೇ ಕರಗುವ ಉಪ್ಪಿದೆ, ಸಾಲದ್ದಕ್ಕೆ ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) ಬೇರೆ ಏರಿಸುತ್ತದೆ. ನಾರಿನ ಪುಡಿಯನ್ನೂ ಹಾಗೇ ಸುರಿಯಬೇಡಿ, ತೊಳೆಯದ ಪುಡಿಯಲ್ಲಿ ಸೋಡಿಯಂ ಜಾಸ್ತಿ ಇರಬಹುದು. ಮಳೆ ನೀರಲ್ಲಿ ಎರಡು ಮೂರು ಸಲ ನೆನೆಸಿ, ಹಿಂಡಿ, ಆಮೇಲೆ ಬಳಸಿ. ಕೋಳಿ ಗೊಬ್ಬರದಲ್ಲೂ ಉಪ್ಪು ಜಾಸ್ತಿ ಇರಬಹುದು, ಎಚ್ಚರಿಕೆ. ಮೊಟ್ಟೆ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್, ಪಿಎಚ್ ಜಾಸ್ತಿ ಇರುವ ಮಣ್ಣಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು, ಸುಮ್ನೆ ಶ್ರಮ.

ಉತ್ತರ 2:
ನಿಮ್ಮ ಹತ್ತಿರ ಇರುವುದರಲ್ಲಿ ಒಣ ಹುಲ್ಲೇ ಚಿನ್ನ. ಬಿಸಿಲಿಗೆ ನೀರು ಆವಿಯಾಗುವಾಗ ಕೆಳಗಿನ ತೇವ ಮೇಲೆ ಏರುತ್ತದೆ, ನೀರು ಹೋಗುತ್ತದೆ, ಉಪ್ಪು ಮೇಲೇ ಉಳಿಯುತ್ತದೆ. ನೀವು ನೋಡಿದ ಬಿಳಿ ಪುಡಿ ಅದೇ. ನಾನು ಒಂದೇ ಮಡಿಯ ಅರ್ಧಕ್ಕೆ ನಾಲ್ಕು ಬೆರಳು ದಪ್ಪ ಹುಲ್ಲು ಹೊದಿಸಿದ್ದೆ. ಎತ್ತಿ ನೋಡಿದರೆ ಕೆಳಗೆ ಕಪ್ಪು ತೇವದ ಮಣ್ಣು, ಎರೆಹುಳು. ಹುಲ್ಲು ಹೊದಿಸದ ಅರ್ಧದಲ್ಲಿ ಬಿಳಿ ಪದರ.

ಆದರೆ ಒಂದು ಮಾತು. ಉಪ್ಪು ಮಾಯವಾಗುವುದಿಲ್ಲ, ನೀರಿನ ಜೊತೆ ಬೇರಿನಿಂದ ಕೆಳಗೆ ಇಳಿದು ಹೋಗಬೇಕು ಅಷ್ಟೇ. ಚೆನ್ನಾಗಿ ಕಳಿತ ಕಾಂಪೋಸ್ಟ್ ಮಣ್ಣನ್ನು ಸಡಿಲ ಮಾಡಿ ಆ ದಾರಿ ತೆರೆಯುತ್ತದೆ, ಬಾಳೆ ಸಿಪ್ಪೆಯನ್ನು ಅದರಲ್ಲೇ ಕೊಳೆಯಿಸಿ, ಪೊಟ್ಯಾಶ್ ಸಿಗುತ್ತದೆ. ನೀರು ಬಸಿಯದ ಜಾಗದಲ್ಲಿ ಮಾತ್ರ ಏನು ಹಾಕಿದರೂ ಅಷ್ಟಕ್ಕಷ್ಟೇ. ಸಾಲುಗಳ ನಡುವಿನ ಕಾಲುವೆಯಲ್ಲಿ ನೀರು ಹಾಯಿಸುತ್ತಿದ್ದರೆ ಸಸಿಯನ್ನು ಏರಿಯ ನೆತ್ತಿಯ ಮೇಲೆ ನೆಡಬೇಡಿ, ಉಪ್ಪು ಅಲ್ಲೇ ಕೂಡುತ್ತದೆ, ಇಳಿಜಾರಿನಲ್ಲಿ ನೆಡಿ.

ಪ್ರಶ್ನೆ ಕೇಳಿದವರು:
ಬೂದಿ ನಿನ್ನೆ ತಾನೇ ಒಂದು ಮಡಿಗೆ ಹಾಕಿಬಿಟ್ಟೆ! ಕೆರೆದು ತೆಗೆಯುತ್ತೇನೆ. ಟೊಮೆಟೊ ಬದುಕಿ ಬೀನ್ಸ್ ಸಾಯುವುದು ಯಾಕೆ?

ಉತ್ತರ 3:
ಬೀನ್ಸ್ ತುಂಬಾ ನಾಜೂಕು. ಮಣ್ಣಿನ ಇಸಿ (ಉಪ್ಪಿನಂಶ ತೋರಿಸುವ ಅಳತೆ, ಡೆಸಿಸೀಮನ್ಸ್/ಮೀಟರ್‌ನಲ್ಲಿ) ಸುಮಾರು 1 ದಾಟಿದರೇ ಇಳುವರಿ ಕುಸಿಯಲು ಶುರು, ಈರುಳ್ಳಿಗೆ 1.2, ಟೊಮೆಟೊಗೆ 2.5, ಬೀಟ್‌ರೂಟ್‌ಗೆ 4. ಉಪ್ಪಿನ ಮಡಿಯಲ್ಲಿ ಬೀಟ್‌ರೂಟ್ ಹಾಕಿ, ಬೀನ್ಸನ್ನು ಒಳ್ಳೆ ಮಣ್ಣಿಗೆ ಕಳಿಸಿ. ಅದಕ್ಕೂ ಮೊದಲು ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸಿ. ಪಿಎಚ್ 8.5 ದಾಟಿ ಸೋಡಿಯಂ ಜಾಸ್ತಿ ಬಂದರೆ ಕಾಂಪೋಸ್ಟ್ ಒಂದರಿಂದ ಆಗುವುದಿಲ್ಲ, ಜಿಪ್ಸಂ (ಸೋಡಿಯಂ ಹೊರದೂಡುವ ಕ್ಯಾಲ್ಸಿಯಂ ಖನಿಜ) ಬೇಕಾಗುತ್ತದೆ. ವರದಿ ಬಂದ ಮೇಲೆ ಇಲ್ಲಿ ಹಾಕಿ, ಪ್ರಮಾಣ ಲೆಕ್ಕ ಮಾಡೋಣ.