ಹತ್ತು ದಿನದ ಕ್ರೀಮ್ ನಾಲ್ಕು ವರ್ಷ ಹಚ್ಚಿದ್ದೇನೆ, ಕಣ್ಣಿಗೆ ತೊಂದರೆ ಆಗುತ್ತಾ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನನಗೆ 38 ವರ್ಷ. ಕಣ್ಣಿನ ರೆಪ್ಪೆ ಮೇಲೆ ಇಸುಬು, ಒಣಗಿ ಸಿಪ್ಪೆ ಏಳುತ್ತದೆ, ತುಂಬಾ ಕೆರೆತ. ನಾಲ್ಕು ವರ್ಷದ ಹಿಂದೆ ಚರ್ಮದ ಡಾಕ್ಟರು ಹತ್ತು ದಿನಕ್ಕೆ ಅಂತ ಮೊಮೆಟಾಸೋನ್ ಕ್ರೀಮ್ ಬರೆದುಕೊಟ್ಟಿದ್ದರು. ಅದೇ ಹಳೇ ಚೀಟಿ ತೋರಿಸಿ ಇವತ್ತಿಗೂ ತಂದು ಹಚ್ಚುತ್ತಿದ್ದೇನೆ. ಈಗ ರಾತ್ರಿ ಎದುರಿನ ಗಾಡಿ ಲೈಟ್ ಹೊಡೆದರೆ ಏನೂ ಕಾಣುವುದಿಲ್ಲ. ಕನ್ನಡಕದ ಅಂಗಡಿಯಲ್ಲಿ ನಂಬರ್ ಸರಿ ಇದೆ ಅಂದರು. ಕ್ರೀಮ್ ಚರ್ಮಕ್ಕೆ ತಾನೇ ಹಚ್ಚುವುದು, ಕಣ್ಣಿಗೂ ಅದಕ್ಕೂ ಸಂಬಂಧ ಇದೆಯಾ?

ಉತ್ತರ: ಇದೆ ಮೇಡಂ. ಇದೇ ವಾರ ಕಣ್ಣಿನ ಡಾಕ್ಟರಿಗೆ ತೋರಿಸಿ, ಆ ಟ್ಯೂಬನ್ನೂ ಜೊತೆಗೆ ಒಯ್ಯಿರಿ.

ನೀವು ಹಚ್ಚುವ ಮೊಮೆಟಾಸೋನ್ ಒಂದು ಸ್ಟೀರಾಯ್ಡ್, ಅಂದರೆ ಉರಿಯೂತ ತಗ್ಗಿಸುವ ಔಷಧಿ. ಮೈಯಲ್ಲೇ ತೀರಾ ತೆಳು ಚರ್ಮ ರೆಪ್ಪೆಯದು. ಮುಂಗೈಗಿಂತ ಹಣೆ ಸುಮಾರು 6 ಪಟ್ಟು ಜಾಸ್ತಿ ಸ್ಟೀರಾಯ್ಡ್ ಹೀರುತ್ತದೆ ಅಂತ 1967ರಲ್ಲೇ ಅಳೆದು ನೋಡಿದ್ದಾರೆ, ರೆಪ್ಪೆ ಹಣೆಗಿಂತಲೂ ತೆಳು. ಸಾಲದ್ದಕ್ಕೆ ರೆಪ್ಪೆ ಬಡಿದಾಗ, ಕಣ್ಣುಜ್ಜಿದಾಗ ಸ್ವಲ್ಪ ಸ್ವಲ್ಪವೇ ಕಣ್ಣೊಳಗೂ ಇಳಿಯುತ್ತದೆ.

ಕಣ್ಣೊಳಗೆ ಸದಾ ನೀರು ಊರುತ್ತಾ, ಒಂದು ಸಣ್ಣ ಜಾಲರಿಯ ಮೂಲಕ ಹೊರಗೆ ಹರಿಯುತ್ತಾ ಇರುತ್ತದೆ. ಸ್ಟೀರಾಯ್ಡ್‌ನಿಂದ ಕೆಲವರಲ್ಲಿ ಆ ಜಾಲರಿ ಕಟ್ಟಿಕೊಳ್ಳುತ್ತದೆ, ಕಣ್ಣೊಳಗಿನ ಪ್ರೆಶರ್ ಏರುತ್ತದೆ. ಸಾಮಾನ್ಯವಾಗಿ ಅದು 10ರಿಂದ 21 mmHg ಒಳಗೆ ಇರಬೇಕು. ಏರಿದ ಪ್ರೆಶರ್ ಕಣ್ಣಿನ ನರವನ್ನು ನಿಧಾನಕ್ಕೆ ಸಾಯಿಸುತ್ತದೆ, ಅದೇ ಗ್ಲಾಕೋಮಾ. ನೋವಿಲ್ಲ, ಕೆಂಪಾಗುವುದೂ ಇಲ್ಲ. ಮೊದಲು ಹೋಗುವುದು ಪಕ್ಕದ ನೋಟ, ಹಾಗಾಗಿ ಗೋಡೆ ಮೇಲಿನ ಅಕ್ಷರವನ್ನೆಲ್ಲಾ ಸರಿಯಾಗಿ ಓದುತ್ತೀರಿ, ಕನ್ನಡಕದ ಅಂಗಡಿಯವರಿಗೂ ಗೊತ್ತಾಗುವುದಿಲ್ಲ. ಕ್ರೀಮ್ ನಿಲ್ಲಿಸಿದರೆ ಪ್ರೆಶರ್ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ಇಳಿಯುತ್ತದೆ, ಆದರೆ ಹೋದ ನರ ವಾಪಸ್ ಬರುವುದಿಲ್ಲ.

ಲೈಟ್ ಹೊಡೆದರೆ ಕಾಣದಿರುವುದು ಪೊರೆಯಿಂದ ಇರಬಹುದು. ಸ್ಟೀರಾಯ್ಡ್‌ನಿಂದ ಬರುವ ಪೊರೆ ಲೆನ್ಸಿನ ಹಿಂಭಾಗದಲ್ಲಿ, ನಟ್ಟನಡುವೆ ಕಟ್ಟುತ್ತದೆ. ಬೆಳಕು ಜಾಸ್ತಿ ಆದಷ್ಟೂ ಕಷ್ಟ. ಸ್ಟೀರಾಯ್ಡ್ ಮಾತ್ರೆ, ಹನಿಗಳಿಂದ ಇದು ಬರುವುದು ನಿಮ್ಮ ಕ್ರೀಮಿನಿಂದ ಬರುವುದಕ್ಕಿಂತ ಎಷ್ಟೋ ಜಾಸ್ತಿ. ನೋಡದೆ ಹೀಗೇ ಅಂತ ಹೇಳಲಾರೆ. ಪ್ರೆಶರ್ ಅಳೆಸಿ, ಪಾಪೆ ಅಗಲ ಮಾಡುವ ಹನಿ ಹಾಕಿಸಿ ಲೆನ್ಸು, ನರ ಎರಡನ್ನೂ ನೋಡಿಸಿ. ಹನಿ ಹಾಕಿದ ಮೇಲೆ ಕೆಲವು ಗಂಟೆ ಮಂಜಾಗಿರುತ್ತದೆ, ಗಾಡಿ ಓಡಿಸಬೇಡಿ, ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಗ್ಲಾಕೋಮಾ ಇದ್ದರೆ, ಅಥವಾ ನಿಮಗೆ ಶುಗರ್ ಇದ್ದರೆ, ಮೈನಸ್ ನಂಬರ್ ಜಾಸ್ತಿ ಇದ್ದರೆ ಮರೆಯದೆ ಹೇಳಿ.

ಪ್ರಶ್ನೆ: ಕ್ರೀಮ್ ಬಿಟ್ಟರೆ ಮೂರೇ ದಿನಕ್ಕೆ ಮೊದಲಿಗಿಂತ ಕೆಂಪಾಗುತ್ತದೆ ಡಾಕ್ಟ್ರೇ. ಆಫೀಸಿಗೆ ಹೋಗಲು ಆಗುವುದಿಲ್ಲ. ಏನು ಮಾಡಲಿ?

ಉತ್ತರ: ಅರ್ಥವಾಗುತ್ತದೆ. ಇಷ್ಟು ವರ್ಷ ಹಚ್ಚಿದ ಚರ್ಮ ಬಿಟ್ಟ ಕೂಡಲೇ ಹಾಗೆ ಉರಿದೇಳುತ್ತದೆ, ಅದಕ್ಕೆ ಹೆದರಿಯೇ ಎಲ್ಲರೂ ಮತ್ತೆ ಟ್ಯೂಬ್ ತೆಗೆಯುವುದು. ಚರ್ಮದ ಡಾಕ್ಟರನ್ನೂ ಈಗಲೇ ನೋಡಿ. ರೆಪ್ಪೆಗೆ ಟ್ಯಾಕ್ರೊಲಿಮಸ್ ಮುಲಾಮು ಅಂತ ಇದೆ, ಸ್ಟೀರಾಯ್ಡ್ ಅಲ್ಲ, ಪ್ರೆಶರ್ ಏರಿಸುವುದಿಲ್ಲ. ಮೊದಲ ಕೆಲವು ದಿನ ಉರಿಯುತ್ತದೆ, ಆಮೇಲೆ ಒಗ್ಗುತ್ತದೆ. ನಿಮಗೆ ಆಗುತ್ತದೋ ಇಲ್ಲವೋ ಅವರೇ ಹೇಳಲಿ, ನೀವಾಗಿ ತರಬೇಡಿ. ಇನ್ನೊಂದು, ನೇಲ್ ಪಾಲಿಶ್, ಹೇರ್ ಡೈ ಹಚ್ಚುತ್ತೀರಾ? ಉಗುರಿನ ಬಣ್ಣ ಉಗುರಿನ ಹತ್ತಿರ ಏನೂ ಮಾಡದೆ ರೆಪ್ಪೆಯಲ್ಲಿ ಇಸುಬು ಎಬ್ಬಿಸುವುದುಂಟು.

ಇನ್ನೊಬ್ಬರ ಪ್ರಶ್ನೆ: ಸರ್, ನನ್ನ ಮಗನಿಗೆ 9 ವರ್ಷ. ಬೇಸಿಗೆ ಬಂತೆಂದರೆ ಕಣ್ಣು ತುರಿಕೆ. ಎರಡು ವರ್ಷದಿಂದ ಮೆಡಿಕಲ್‌ನಲ್ಲಿ ಕೇಳಿ ಡೆಕ್ಸಾಮೆಥಾಸೋನ್ ಹನಿ ತಂದು ಹಾಕುತ್ತಿದ್ದೇವೆ, ತಕ್ಷಣ ಕಡಿಮೆ ಆಗುತ್ತದೆ. ಇದೂ ಸ್ಟೀರಾಯ್ಡಾ?

ಉತ್ತರ: ಹೌದು ಸರ್, ಮೇಲಿನವರ ಕ್ರೀಮಿಗಿಂತ ನನಗೆ ಇದೇ ಜಾಸ್ತಿ ಚಿಂತೆ. ನೇರ ಕಣ್ಣಿಗೇ ಬೀಳುತ್ತದೆ. ಮಕ್ಕಳಲ್ಲಿ ಕೆಲವೇ ವಾರಗಳಲ್ಲಿ ಪ್ರೆಶರ್ ಏರಬಹುದು, ಪಕ್ಕದ ನೋಟ ಹೋಗುತ್ತಿದೆ ಅಂತ 9 ವರ್ಷದ ಹುಡುಗನಿಗೆ ಹೇಳಲು ಗೊತ್ತಾಗುವುದಿಲ್ಲ. ನಾಳೆಯೇ ಕರೆದುಕೊಂಡು ಹೋಗಿ. ಈ ಅಲರ್ಜಿಗೆ ಸ್ಟೀರಾಯ್ಡ್ ಇಲ್ಲದ ಹನಿಗಳಿವೆ. ಅಲ್ಲಿಯವರೆಗೆ ಒದ್ದೆ ತಣ್ಣನೆ ಬಟ್ಟೆ ಕಣ್ಣ ಮೇಲಿಡಿ, ಉಜ್ಜಲು ಬಿಡಬೇಡಿ, ಹೊಸ ಬಾಟಲಿ ತರಬೇಡಿ. ಖಾಲಿ ಬಾಟಲಿಗಳಿದ್ದರೆ ಎಸೆಯದೆ ಒಯ್ಯಿರಿ, ಎಷ್ಟು ಹಾಕಿದ್ದೀರಿ ಅಂತ ಅಲ್ಲಿನ ಡಾಕ್ಟರಿಗೆ ಅದರಿಂದಲೇ ಅಂದಾಜು ಸಿಗುತ್ತದೆ.