ಸಹಾಯ ಬೇಕು: ಮದುವೆಗೆ ಮುಂಚೆ ಕೊಂಡ ಮನೆ, ಈಗ ಡಿವೋರ್ಸ್

ಮದುವೆಗೆ 4 ವರ್ಷ ಮುಂಚೆ ಸಾಲ ಮಾಡಿ ಮನೆ ಕೊಂಡಿದ್ದೆ. ಪತ್ರ ನನ್ನ ಹೆಸರಲ್ಲೇ ಇದೆ. ಆದರೆ ಆಮೇಲೆ 9 ವರ್ಷ ಕಂತು ಹೋಗಿದ್ದು ಇಬ್ಬರ ಜಂಟಿ ಖಾತೆಯಿಂದ. ಅಡುಗೆಮನೆ ಒಡೆದು ಕಟ್ಟಿಸಿದ್ದು ಪೂರ್ತಿ ಅವರ ದುಡ್ಡಲ್ಲಿ. (ಬಣ್ಣಕ್ಕೂ ಜಗಳ ಆಡಿದ್ದೆವು, ಅದು ಬಿಡಿ.) ಈಗ ಮನೆಯ ಬೆಲೆಯಲ್ಲಿ ಅರ್ಧ ಕೇಳುತ್ತಿದ್ದಾರೆ. ಅರ್ಧ ಜಾಸ್ತಿ ಆಯ್ತು. ಹಾಗಂತ ಏನೂ ಕೊಡಲ್ಲ ಅನ್ನೋದೂ ನ್ಯಾಯವಲ್ಲ, ಅಲ್ವಾ?

ಮದುವೆ ದಿನದ ಬೆಲೆಯಲ್ಲಿ ಆಗ ಉಳಿದಿದ್ದ ಸಾಲ ಕಳೆದು, ಅಷ್ಟು ನನ್ನದು ಅಂತ ಬದಿಗಿಟ್ಟು, ನಂತರ ತೀರಿದ ಅಸಲನ್ನು ಹಂಚಿಕೊಳ್ಳೋಣ ಅಂತ ನನ್ನ ಯೋಚನೆ. ಆದರೆ ಸುಮ್ನೆ ತಾನಾಗೇ ಏರಿದ ಬೆಲೆ ಯಾರ ಲೆಕ್ಕಕ್ಕೆ? ಹಳೇ ದಿನಾಂಕಕ್ಕೆ ಬೆಲೆ ಕಟ್ಟಿಸಿದವರು ಯಾರಾದರೂ ಇದ್ದೀರಾ? ವಕೀಲರನ್ನು ಕಾಣುವ ಮುಂಚೆ ಯಾವ ಕಾಗದಪತ್ರ ಹುಡುಕಿ ಇಟ್ಟುಕೊಳ್ಳಲಿ?